ಏಳು ಕುಟೀರಗಳ ಉದ್ದಿಮೆ: ಚುಂಬೆ ದ್ವೀಪದ ಲೆಕ್ಕಾಚಾರ

ಟಾಂಜಾನಿಯಾದ ಜಾಂಜಿಬಾರ್ ಪಟ್ಟಣಕ್ಕೆ ಸಮೀಪದಲ್ಲಿರುವ ಚುಂಬೆ ದ್ವೀಪದ ವಿಸ್ತೀರ್ಣ ಸುಮಾರು 22 ಹೆಕ್ಟೇರ್ ಮಾತ್ರ. ಅದರ ಪಶ್ಚಿಮ ದಂಡೆಯ ಹವಳದ ದಿಬ್ಬವನ್ನು ಅಲ್ಲಿನ ಸರ್ಕಾರವು 1994ರಲ್ಲಿ ಸಂರಕ್ಷಿತ ವಲಯವೆಂದು ಘೋಷಿಸಿ, ನಿರ್ವಹಣೆಯನ್ನು ಖಾಸಗಿ ಕಂಪನಿಯೊಂದಕ್ಕೆ ಒಪ್ಪಿಸಿತು. ಅಲ್ಲಿ ಮೀನುಗಾರಿಕೆ ನಿಷಿದ್ಧ. ಕಾವಲಿಗೆ ನೇಮಕಗೊಂಡವರಾದರೋ ಹಿಂದೆ ಮೀನುಗಾರರಾಗಿದ್ದವರೇ!

ವರ್ತಕರು ಪರಿಶೀಲಿಸಬೇಕಾದದ್ದು ಇದರ ವೆಚ್ಚದ ಸ್ವರೂಪವನ್ನು. ಪ್ರವಾಸಿಗರಿಗಾಗಿ ಇರುವುದು 7 ಕುಟೀರಗಳು. ದ್ವೀಪದಲ್ಲಿ ಸಿಹಿನೀರಿನ ಸೆಲೆಯಿಲ್ಲವಾದ್ದರಿಂದ ಪ್ರತಿ ಕುಟೀರದ ಮಾಡಿನ ಮೇಲೆ ಬಿದ್ದ ಮಳೆನೀರನ್ನೇ ಶೋಧಿಸಿ, ನೆಲದಡಿಯ ತೊಟ್ಟಿಯಲ್ಲಿ ಸಂಗ್ರಹಿಸಲಾಗುತ್ತದೆ. ವಿದ್ಯುತ್ತು ಸೌರಶಕ್ತಿಯದು, ಶೌಚಾಲಯಗಳಲ್ಲಿ ನೀರಿನ ಬಳಕೆಯಿಲ್ಲ, ತ್ಯಾಜ್ಯವು ಗೊಬ್ಬರವಾಗುತ್ತದೆ. ಸ್ನಾನದ ನೀರು ಸಹ ಗಿಡಗಳ ಪಾತಿಯಲ್ಲಿ ಸೋಸಿಯೇ ಹೋಗಬೇಕು. ಕೊಳಚೆಯು ಕಡಲು ಸೇರಿದರೆ ಹವಳ ಕೆಡುತ್ತದೆ. ಹವಳ ಕೆಟ್ಟ ಮೇಲೆ ಅತಿಥಿಗಳು ಬರುವುದಾದರೂ ಏತಕ್ಕೆ?

ಈ ಕಾರಣದಿಂದ ಗಿರಾಕಿ ಹೆಚ್ಚಿದಂತೆಲ್ಲ ಕೊಠಡಿ ಹೆಚ್ಚಿಸುವ ರೂಢಿಯ ಮಾರ್ಗ ಇಲ್ಲಿ ಮುಚ್ಚಿದೆ. ಕಾವಲುಗಾರರ ಸಂಬಳ, ಸ್ಥಳೀಯ ಶಾಲಾಮಕ್ಕಳ ಉಚಿತ ಅಧ್ಯಯನ ಪ್ರವಾಸ ಇವೆಲ್ಲಕ್ಕೂ ಆಧಾರ ಅದೇ ಕೆಲವೇ ಕುಟೀರಗಳ ಬಾಡಿಗೆ. ಆದ್ದರಿಂದ ಹವಾನಿಯಂತ್ರಣ, ಈಜುಕೊಳಗಳಿಲ್ಲದಿದ್ದರೂ ದರ ಅಗ್ಗವಲ್ಲ. 2000ದಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಈ ಯೋಜನೆಗೆ ‘ಗ್ಲೋಬಲ್ 500’ ಪುರಸ್ಕಾರ ನೀಡಿತು. ಆದರೆ ಪುರಸ್ಕಾರದಿಂದ ಖರ್ಚು ಸರಿದೂಗದು. 2020ರಲ್ಲಿ ಕೋವಿಡ್ ನಿಮಿತ್ತ ಜಗತ್ತಿನೆಲ್ಲೆಡೆ ಪ್ರವಾಸವು ಸ್ಥಗಿತಗೊಂಡಾಗ ಇಂತಹ ಉದ್ದಿಮೆಗಳ ದೌರ್ಬಲ್ಯ ಬೆಳಕಿಗೆ ಬಂದಿತು: ಬಾಡಿಗೆ ನಿಂತರೂ ಹವಳದ ಕಾವಲನ್ನು ಒಂದು ದಿನವೂ ನಿಲ್ಲಿಸುವಂತಿಲ್ಲ.