ದೃಶ್ಯಕಡತಗಳ ರೂಪಾಂತರ: ಮೂಲಪ್ರತಿಯ ರಕ್ಷಣೆ

ಓಲೆಗರಿಯ ಕಾಲದಲ್ಲಿ ಗ್ರಂಥವೊಂದು ಉಳಿಯಬೇಕಾದರೆ ಅದನ್ನು ಮತ್ತೆ ಮತ್ತೆ ಪ್ರತಿ ಮಾಡಲೇಬೇಕಾಗಿತ್ತು. ಪ್ರತಿಯಿಂದ ಪ್ರತಿಗೆ ಸಾಗುವಾಗ ಲಿಪಿಕಾರನ ಕೈಯಲ್ಲಿ ಅಕ್ಷರ ಜಾರಿ ಪಾಠಭೇದಗಳು ಹುಟ್ಟುತ್ತಿದ್ದುವು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದುದನ್ನು ಬಲ್ಲವರಿಗೆ ಮೂಲಪ್ರತಿಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಇಂದು ವಿದ್ಯಾಸಂಸ್ಥೆಗಳ ಸಮಾರಂಭಗಳು, ಹಿರಿಯರ ಉಪನ್ಯಾಸಗಳು, ಮಕ್ಕಳ ನಾಟಕಗಳು ದೃಶ್ಯಕಡತಗಳಾಗಿ ಉಳಿಯುತ್ತಿವೆ. ಅವನ್ನು ಸಂಕಲಿಸಿ ಡಿವಿಡಿಗೆ ಇಳಿಸುವವರಿಗೂ ಲಿಪಿಕಾರನ ಎಚ್ಚರವೇ ಬೇಕು.

ಮೊದಲು ತಿಳಿಯತಕ್ಕ ಭೇದವೊಂದಿದೆ. ಎಂಪಿ4, ಎವಿಐ, ಎಂಕೆವಿ ಎಂಬುವು ಕಡತದ ಹೊರಕಟ್ಟಿನ ಹೆಸರುಗಳು, ಎಂಪೆಗ್-2, ಎಚ್.264 ಎಂಬುವು ಒಳಗಿನ ಚಿತ್ರವನ್ನು ಸಂಕೋಚಿಸಿ ಬರೆಯುವ ಕ್ರಮಗಳು. ಓಲೆಗಳ ಕಟ್ಟನ್ನು ಬಿಚ್ಚಿ ಬೇರೆ ಹಲಗೆಗಳ ನಡುವೆ ಕಟ್ಟಿದರೆ ಬರಹ ಕೆಡುವುದಿಲ್ಲ. ಹಾಗೆಯೇ ಹೊರಕಟ್ಟನ್ನು ಮಾತ್ರ ಬದಲಿಸಿದರೆ ಚಿತ್ರಕ್ಕೆ ನಷ್ಟವಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ ಈ ಕೆಲಸ ಕೆಲವೇ ಕ್ಷಣಗಳಲ್ಲಿ ಆಗುವುದುಂಟು. ಒಳಗಿನ ಬರಹವನ್ನೇ ಬೇರೊಂದು ಕ್ರಮಕ್ಕೆ ತಿರುಗಿಸಿದಾಗ ಮಾತ್ರ ನಷ್ಟ ಮೊದಲಾಗುತ್ತದೆ.

ಈ ನಷ್ಟಕ್ಕೆ ಕಾರಣವಿದೆ. ಡಿವಿಡಿಯ ಅಳತೆಯ ಚಿತ್ರವನ್ನು ಸಂಕೋಚಿಸದೆ ಇಟ್ಟರೆ ಒಂದು ಗಂಟೆಗೆ ಸುಮಾರು 56 ಗಿಗಾಬೈಟ್ ಸ್ಥಳ ಬೇಕು. ಒಂದು ಪದರದ ಡಿವಿಡಿ ಹಿಡಿಯುವುದು 4.7 ಗಿಗಾಬೈಟ್ ಮಾತ್ರ. ಆದುದರಿಂದ ಕಣ್ಣು ಅಷ್ಟಾಗಿ ಗಮನಿಸದ ವಿವರಗಳನ್ನು ಸಂಕೋಚನಕ್ರಮವು ಬಿಟ್ಟುಬಿಡುತ್ತದೆ. ಬಿಟ್ಟುದು ಮರಳಿ ಬಾರದು. ಸಂಕೋಚಿತವನ್ನು ಪುನಃ ಪುನಃ ಸಂಕೋಚಿಸಿದರೆ ಮುಖದ ರೇಖೆಗಳು ಅಳಿಸಿ, ಚಿತ್ರವು ಚೌಕಚೌಕವಾಗಿ ಒಡೆದು ಕಾಣುತ್ತದೆ.

ಸಂಕಲನಕ್ಕೆ ಇನ್ನೊಂದು ತೊಡಕೂ ಉಂಟು. ಎಚ್.264 ಮೊದಲಾದ ಕ್ರಮಗಳಲ್ಲಿ ಕೆಲವು ಚಿತ್ರಗಳು ಮಾತ್ರ ಪೂರ್ಣವಾಗಿರುತ್ತವೆ. ಉಳಿದುವು ಅಕ್ಕಪಕ್ಕದ ಚಿತ್ರಗಳಿಂದ ಆದ ವ್ಯತ್ಯಾಸವನ್ನಷ್ಟೇ ಹೇಳುತ್ತವೆ. ಇಂತಹ ಕಡತವನ್ನು ಬೇಕಾದೆಡೆ ಕತ್ತರಿಸುವುದು ಗಣಕಯಂತ್ರಕ್ಕೆ ಶ್ರಮದ ಕೆಲಸ. ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಇಡುವ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಡಿ ಎಂಬ ಮಧ್ಯಮ ರೂಪಕ್ಕೆ ಮೊದಲು ತಂದುಕೊಂಡರೆ ಸಂಕಲನ ಸುಗಮವಾಗುತ್ತದೆ. ಕಡತ ಬಹಳ ದೊಡ್ಡದಾಗುವುದು ನಿಜ. ಆದರೆ ಗುಣಹಾನಿ ಅತ್ಯಲ್ಪ.

ಸಂಕಲನವೆಲ್ಲ ಮುಗಿದ ಮೇಲೆಯೇ, ಒಂದೇ ಬಾರಿ, ಡಿವಿಡಿಗೆ ಬೇಕಾದ ಎಂಪೆಗ್-2 ರೂಪಕ್ಕೆ ತಿರುಗಿಸುವುದು ಯುಕ್ತ. ಭಾರತದಲ್ಲಿ ಬಳಕೆಯಾದ ಪಾಲ್ ಪದ್ಧತಿಯ ಡಿವಿಡಿಯ ಪೂರ್ಣ ಅಳತೆ 720ಕ್ಕೆ 576 ಬಿಂದುಗಳು. ಸೆಕೆಂಡಿಗೆ 25 ಚಿತ್ರಗಳು. ಧ್ವನಿ 48 ಕಿಲೋಹರ್ಟ್ಸ್. ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್ ಮೀರಕೂಡದು. ಎರಡು ಗಂಟೆಯ ಕಾರ್ಯಕ್ರಮವನ್ನು ಒಂದೇ ಡಿಸ್ಕಿನಲ್ಲಿ ಅಡಕ ಮಾಡಬೇಕಾದರೆ ಚಿತ್ರ, ಧ್ವನಿ ಎರಡೂ ಸೇರಿ ಸರಾಸರಿ ಸುಮಾರು 5 ಮೆಗಾಬಿಟ್ ಮಾತ್ರ ದೊರೆಯುತ್ತದೆ. ಮೊಬೈಲಿನಲ್ಲಿ ಸೆಕೆಂಡಿಗೆ 30 ಚಿತ್ರಗಳಂತೆ ತೆಗೆದುದನ್ನು 25ಕ್ಕೆ ಇಳಿಸಿದಾಗ ಚಲನೆ ತುಸು ಎಡವುವುದೂ ಉಂಟು. ಅಂದಮೇಲೆ ಡಿವಿಡಿಯು ಹಂಚುವುದಕ್ಕೆ ಮಾಡಿದ ಪ್ರತಿಯೇ ಹೊರತು ಮೂಲವಲ್ಲ.

ಇಲ್ಲಿಯೇ ಹಲವರು ಎಡವುತ್ತಾರೆ. ಡಿವಿಡಿ ಸಿದ್ಧವಾದೊಡನೆ ಸ್ಥಳ ಸಾಲದೆಂದು ಕ್ಯಾಮರಾದ ಮೂಲಕಡತಗಳನ್ನು ಅಳಿಸುತ್ತಾರೆ. ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಪದರವು ಬಿಸಿಲು, ಶಾಖಗಳಿಗೆ ಸಿಕ್ಕಿ ಕಾಲಕ್ರಮದಲ್ಲಿ ಕೆಡುತ್ತದೆ. ಆಗ ಮೂಲವೂ ಇಲ್ಲ, ಪ್ರತಿಯೂ ಇಲ್ಲ. ಮೂಲಕಡತವನ್ನು ಬದಲಿಸದೆ ಬೇರೆ ಬೇರೆ ಸ್ಥಳಗಳ ಎರಡು ಹಾರ್ಡ್ ಡಿಸ್ಕುಗಳಲ್ಲಿ ಇಟ್ಟು, ದಿನಾಂಕ, ಸಂದರ್ಭ, ಪಾಲ್ಗೊಂಡವರ ಹೆಸರುಗಳನ್ನು ಬರೆದಿಟ್ಟು, ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ಯಥಾವತ್ತಾಗಿ ನಕಲಿಸಬೇಕು. ಇಂತಹ ನಕಲಿನಲ್ಲಿ ಒಂದು ಅಂಕಿಯೂ ವ್ಯತ್ಯಾಸವಾಗದು. ಲಿಪಿಕಾರನಿಗೆ ದೊರೆಯದ ಭಾಗ್ಯವಿದು.

ಗತಿಸಿದ ಗುರುಗಳ ಧ್ವನಿಯನ್ನು ಮತ್ತೊಮ್ಮೆ ಮುದ್ರಿಸುವ ಉಪಾಯ ಯಾವ ಯಂತ್ರಕ್ಕೂ ಇಲ್ಲ. ಮೂಲವನ್ನು ಕಾಯ್ದಿಟ್ಟರೆ, ಮುಂದಿನವರು ತಮ್ಮ ಕಾಲಕ್ಕೆ ಒಪ್ಪುವ ರೂಪವನ್ನು ಅದರಿಂದ ತಾವೇ ಪಡೆದುಕೊಂಡಾರು.