ಹುಳಿ ಮೊದಲು, ಸಿಹಿ ಆಮೇಲೆ

ಮಡಿಕೇರಿಯ ಅಂಗಡಿಗಳಲ್ಲಿ ಕಾಫಿಪುಡಿ, ಜೇನು, ಏಲಕ್ಕಿಯ ಪಕ್ಕದಲ್ಲೇ ಮನೆಯಲ್ಲಿ ಮಾಡಿದ್ದೆನ್ನುವ ಹಣ್ಣಿನ ವೈನ್ ಬಾಟಲಿಗಳೂ ಇರುತ್ತವೆ: ದ್ರಾಕ್ಷಿ, ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ಜೊತೆಗೆ ಶುಂಠಿಯದೂ. ರುಚಿ ನೋಡುವ ಮನಸ್ಸಿದ್ದರೆ ದಯವಿಟ್ಟು ಸಿಹಿಯಿಂದ ಶುರು ಮಾಡಬೇಡಿ. ನಾಲಗೆಗೆ ಸಿಹಿ ಹತ್ತಿದ ಮೇಲೆ ಹುಳಿಯ ಸೊಗಸು ತಿಳಿಯುವುದಿಲ್ಲ, ಬರೀ ಚುರುಗುಟ್ಟುತ್ತದೆ. ಪ್ಯಾಶನ್ ಫ್ರೂಟ್ ಮೊದಲಿರಲಿ, ಸಿಹಿ ದ್ರಾಕ್ಷಿ ಕೊನೆಗಿರಲಿ.

ಮೊದಲು ಮೂಸಿ. ಆಮೇಲೆ ಒಂದೇ ಗುಟುಕು ಬಾಯಲ್ಲಿ ಆಡಿಸಿ. ಹಣ್ಣಿನ ಹುಳಿ ಬಾಯಲ್ಲಿ ನೀರೂರಿಸುತ್ತದೆ. ವಿನೆಗರ್ ಘಾಟು ಮೂಗಿಗೆ ಹೊಡೆದರೆ ಅದು ಗಾಳಿ ಸೋಕಿ ಕೆಟ್ಟ ವೈನ್, ಸಂಕೋಚವಿಲ್ಲದೆ ಬಿಟ್ಟುಬಿಡಿ. ಒಳ್ಳೆಯ ಹುಳಿಯೆಲ್ಲ ಹಣ್ಣಿನದೇ ಅಲ್ಲ: ಬೆಲ್ಜಿಯಂನ ಲ್ಯಾಂಬಿಕ್ ಬಿಯರಿನಲ್ಲಿ ಚೆರ್ರಿ ನೆನೆಸಿದರೂ ಆ ಬಿಯರಿನ ಹುಳಿ ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ ಬಂದದ್ದು, ನಮ್ಮ ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವೇ. ಹಣ್ಣಿನ ವೈನ್‌ನಲ್ಲಿ ಮಾತ್ರ ಹುಳಿಗೆ ಹಣ್ಣೇ ಆಧಾರ. ಹಾಗಾಗಿ ಹಣ್ಣು ಹಾಕಿದ್ದೋ ಬರೀ ಎಸೆನ್ಸೋ ಎಂದು ಕೇಳಲೇಬೇಕು. ಲೇಬಲ್‌ನಲ್ಲಿ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇಲ್ಲದ ಬಾಟಲಿ ನನ್ನ ಮಟ್ಟಿಗೆ ಬೇಡವೇ ಬೇಡ.

ನಡುನಡುವೆ ನೀರು ಕುಡಿಯಿರಿ, ಸಪ್ಪೆ ಅಕ್ಕಿರೊಟ್ಟಿ ಒಂದು ಚೂರು ಬಾಯಿಗಿಡಿ. ಗುಟುಕೇ ಆದರೂ ಅದು ಮದ್ಯ. ಕೊಡಗಿನ ರಸ್ತೆಗಳು ತಿರುವಿನವು, ಮಳೆಗಾಲದಲ್ಲಿ ಮಂಜೂ ಸೇರುತ್ತದೆ. ರುಚಿ ನೋಡಿದ ದಿನ ಸ್ಟಿಯರಿಂಗ್ ಬೇರೆಯವರ ಕೈಗೆ ಕೊಡಿ.