ಲಿಂಬೆ ತೋಟದ ಅಲಸಂದಿ ಹಳದಿಯಾದರೆ ಯೂರಿಯಾ ಹಾಕಬೇಕೆ?



ಇಂಡಿ, ಸಿಂದಗಿ ಭಾಗದ ಲಿಂಬೆ ತೋಟಗಳಲ್ಲಿ ಗಿಡದ ಸಾಲುಗಳ ನಡುವೆ ಹೊದಿಕೆ ಬೆಳೆಯಾಗಿ ಅಲಸಂದಿ ಬಿತ್ತಿದರೆ ಎರಡು ಲಾಭ. ನೆಲದ ತೇವ ಉಳಿದು ಕಸ ಅಡಗುತ್ತದೆ. ಹೂ ಬಿಡುವ ಹೊತ್ತಿಗೆ ಕೊಯ್ದರೆ ಆಕಳು, ಎಮ್ಮೆಗಳಿಗೆ ಒಳ್ಳೆಯ ಹಸಿಮೇವು. ಬರೀ ಕಣಕಿ ತಿನ್ನುವ ದನಕ್ಕೆ ಇಂಥ ದ್ವಿದಳ ಮೇವು ಸಿಕ್ಕರೆ ಹಿಂಡಿಯ ಖರ್ಚು ತಗ್ಗುತ್ತದೆ. ಆದರೆ ಬಿತ್ತಿದ ಮೂರು ನಾಲ್ಕು ವಾರಕ್ಕೆ ಬೆಳೆ ಹಳದಿಯಾಯಿತೆಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಯೂರಿಯಾ ಚೀಲಕ್ಕೆ.

ನನ್ನ ಕೈಯೂ ಒಮ್ಮೆ ಹಾಗೆಯೇ ಹೋಗಿತ್ತು. ಸೇವೆಗೆ ಸೇರಿದ ಹೊಸತರಲ್ಲಿ ಸದಸ್ಯರೊಬ್ಬರ ತೋಟದಲ್ಲಿ ಹಳದಿ ಅಲಸಂದಿ ಕಂಡು, ಬಾಗಿ ಎಲೆಯನ್ನೂ ನೋಡದೆ, ಯೂರಿಯಾ ಎರಚಲು ಹೇಳಿದೆ. ಎರಡು ವಾರದ ನಂತರ ಹೋದಾಗ ಅಲಸಂದಿ ಇನ್ನಷ್ಟು ಬಿಳಿಚಿತ್ತು, ನಡುವಿನ ಕಸ ಮಾತ್ರ ಸೊಂಪಾಗಿತ್ತು. "ಡಾಕ್ಟ್ರ, ದನಕ್ಕ ಜಡ್ಡಾದ್ರ ಕಣ್ಣು, ಬಾಯಿ ತಗದು ನೋಡ್ತೀರಿ. ಇದನ್ಯಾಕ ನೋಡ್ಲಿಲ್ಲ?" ಎಂದರು ಆ ಹಿರಿಯರು.

ನೋಡಬೇಕಾದ ಮೊದಲ ಸಂಗತಿ, ಹಳದಿ ಎಲ್ಲಿ ಶುರುವಾಗಿದೆ ಎಂಬುದು. ಸಾರಜನಕವನ್ನು ಗಿಡವು ಹಳೆಯ ಎಲೆಯಿಂದ ಎಳೆಯ ಎಲೆಗೆ ಸಾಗಿಸಬಲ್ಲದು. ಆದ್ದರಿಂದ ಅದರ ಕೊರತೆ ಬುಡದ ಎಲೆಗಳಲ್ಲಿ ಮೊದಲು ಕಾಣುತ್ತದೆ. ನರವೂ ಸೇರಿ ಇಡೀ ಎಲೆ ಹಳದಿಯಾಗುತ್ತದೆ. ಕಬ್ಬಿಣ ಹಾಗೆ ಸಾಗುವುದಿಲ್ಲ. ಬುಡದ ಎಲೆ ಹಸಿರಾಗಿದ್ದು ಕುಡಿಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯಂತೆ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಕುಡಿ ಎಲೆಯ ನರವೂ ಸೇರಿ ಒಂದೇ ಸಮನೆ ತಿಳಿಹಳದಿಯಾದರೆ ಗಂಧಕದ ಕೊರತೆಯೆಂದು ಶಂಕಿಸಬೇಕು.

ನಮ್ಮ ಸುಣ್ಣದ ಹರಳಿನ ಎರೆ ಭೂಮಿಯಲ್ಲಿ ಹೆಚ್ಚಾಗಿ ಕಾಣುವುದು ಕಬ್ಬಿಣದ ಕೊರತೆಯೇ. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಸುಣ್ಣ ಅದನ್ನು ಹಿಡಿದಿಟ್ಟು ಬೇರಿಗೆ ಕೊಡುವುದಿಲ್ಲ. ಒಂದು ಹಿಡಿ ಒಣ ಮಣ್ಣಿನ ಮೇಲೆ ಲಿಂಬೆ ರಸ ಹಿಂಡಿ. ಸಣ್ಣಗೆ ನೊರೆ ಎದ್ದರೆ ಸುಣ್ಣ ಇದೆಯೆಂದೇ ತಿಳಿಯಿರಿ. ಮಳೆ ಹೆಚ್ಚಾಗಿ ನೀರು ನಿಂತಾಗ ಈ ಹಳದಿ ಜೋರಾಗುತ್ತದೆ, ನೆಲ ಆರಿದರೆ ಎಷ್ಟೋ ಸಲ ತಾನೇ ಇಳಿಯುತ್ತದೆ. ಆದ್ದರಿಂದ ಔಷಧಕ್ಕಿಂತ ಮೊದಲು ನೀರು ಬಸಿಯಲು ದಾರಿ ಮಾಡಬೇಕು.

ಅನುಮಾನವಿದ್ದರೆ ಗಿಡವನ್ನೇ ಕೇಳಬಹುದು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಒಂದು ಲಿಂಬೆಹಣ್ಣಿನ ರಸ ಹಿಂಡಿ. ನೀರು ತಿಳಿ ಹಸಿರಾಗಿರಬೇಕು, ತುಕ್ಕಿನ ಬಣ್ಣ ಬಂದಿದ್ದರೆ ಚೆಲ್ಲಿ ಹೊಸದು ಮಾಡಿ. ಸಂಜೆ ಹೊತ್ತು ಐದಾರು ಗಿಡಗಳ ಕುಡಿ ಎಲೆಗೆ ಬಟ್ಟೆಯಿಂದ ಸವರಿ, ಗುರುತಿಗೆ ದಾರ ಕಟ್ಟಿ. ಬೇರೆ ಐದಾರು ಗಿಡಗಳಿಗೆ ಲೀಟರಿಗೆ 10 ಗ್ರಾಂ ಯೂರಿಯಾದ ನೀರು ಸವರಿ, ಬೇರೆ ಬಣ್ಣದ ದಾರ ಕಟ್ಟಿ. ಒಂದು ವಾರದೊಳಗೆ ಯಾವ ದಾರದ ಗಿಡ ಹಸಿರಾಯಿತೋ ಉತ್ತರ ಅದೇ. ಅನ್ನಭೇದಿಯೆಂದು ಮೈಲುತುತ್ತ ತರಬೇಡಿ. ಅದು ತಾಮ್ರದ್ದು, ದನದ ಹೊಟ್ಟೆಗೆ ಹೋದರೆ ವಿಷ. ಅನ್ನಭೇದಿಯನ್ನು ಬರಿದೇ ಮಣ್ಣಿಗೆ ಎರಚಿದರೂ ಪ್ರಯೋಜನ ಕಡಿಮೆ, ಸುಣ್ಣ ಅದನ್ನೂ ಹಿಡಿದಿಡುತ್ತದೆ. ಕಬ್ಬಿಣವೆಂದು ಖಚಿತವಾದರೆ ಅದೇ ಪ್ರಮಾಣದಲ್ಲಿ ಇಡೀ ಬೆಳೆಗೆ ಸಿಂಪಡಿಸಿ, ಒಂದು ವಾರ ಬಿಟ್ಟು ಮೇವು ಕೊಯ್ಯಿರಿ.

ಹಳದಿಯಾಗದ ಕೊರತೆಯೂ ಒಂದಿದೆ, ಪಶುವೈದ್ಯನಾಗಿ ನನಗೆ ಹೆಚ್ಚು ಭಯ ಅದರದ್ದೇ. ರಂಜಕ ಸಾಲದ ಅಲಸಂದಿ ಕಡುಹಸಿರಾಗಿಯೇ ಇರುತ್ತದೆ, ಆದರೆ ಗಿಡ್ಡಗಾಗಿ ಹೂವು ತಡವಾಗುತ್ತದೆ. ಹಸಿರಿದೆಯಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಥ ಮೇವನ್ನೇ ತಿಂದ ದನ ಎಲುಬು, ಬಟ್ಟೆ, ಚಪ್ಪಲಿ ಕಡಿಯತೊಡಗುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಹೆಚ್ಚು ಹಾಲಿನ ಎಮ್ಮೆ ಈದ ಕೆಲವು ವಾರಗಳಲ್ಲಿ ಕಾಫಿ ಬಣ್ಣದ ಮೂತ್ರ ಮಾಡಿದರೆ ಒಂದು ದಿನವೂ ಕಾಯದೆ ವೈದ್ಯರನ್ನು ಕರೆಯಿರಿ. ಬಿತ್ತುವಾಗಲೇ ಸೂಪರ್ ಫಾಸ್ಫೇಟ್ ಕೊಡುವುದು, ಹಾಲು ಹಿಂಡುವ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಿನ್ನಿಸುವುದು, ಇವೆರಡೂ ಬೇಕು.

ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ, ಮುಖ್ಯವಾಗಿ ಡೋಣಿ ಸಾಲಿನ ಸವಳು ನೆಲದಲ್ಲಿ, ಎಲೆಯ ಅಂಚು ಸುಟ್ಟಂತಾಗುವುದನ್ನು ಪೊಟ್ಯಾಷ್ ಕೊರತೆಯೆಂದು ತಿಳಿಯುವವರಿದ್ದಾರೆ. ನೆಲದ ಮೇಲೆ ಬಿಳಿ ಪುಡಿ ಕಂಡರೆ ಅದು ಉಪ್ಪಿನ ಬಾಧೆ. ಗೊಬ್ಬರ ಸುರಿದರೆ ಉಪ್ಪು ಇನ್ನೂ ಹೆಚ್ಚುತ್ತದೆ. ಇನ್ನು ಎಲೆಯ ಮೇಲೆ ಅಲ್ಲಲ್ಲಿ ಕಡು ಹಳದಿ ತೇಪೆ ಹಾಕಿದಂತಿದ್ದರೆ ಅದು ಬಿಳಿನೊಣ ಹರಡುವ ನಂಜುರೋಗ. ಅಂಥ ಗಿಡ ಕಿತ್ತುಹಾಕಿ.

ಸಾರಜನಕವೇ ಕಡಿಮೆಯೆಂದು ಕಂಡರೂ ಬೇರು ನೋಡದೆ ಯೂರಿಯಾ ಬೇಡ. ತಿಂಗಳಾದ ಗಿಡವನ್ನು ಸಲಿಕೆಯಿಂದ ಎಬ್ಬಿಸಿ ಬೇರುಗಂಟು ಒಡೆಯಿರಿ. ಒಳಗೆ ಕೆಂಪಿದ್ದರೆ ಗಿಡ ಗಾಳಿಯ ಸಾರಜನಕವನ್ನು ತಾನೇ ದುಡಿಯುತ್ತಿದೆ, ಯೂರಿಯಾ ಕೊಟ್ಟರೆ ಆ ದುಡಿಮೆ ನಿಲ್ಲುತ್ತದೆ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸಿ. ಅಲಸಂದಿಯ ಜೊತೆ ಮೇವಿನ ಜೋಳವನ್ನೂ ಬಿತ್ತಿದ್ದರೆ ಇನ್ನೊಂದು ಅಪಾಯವಿದೆ: ಯೂರಿಯಾ ಬಿದ್ದು, ಮಳೆ ಕೈಕೊಟ್ಟು ಬಾಡಿದ ಜೋಳದಲ್ಲಿ ನೈಟ್ರೇಟ್ ಸೇರಿಕೊಂಡು ದನ ಏದುಸಿರು ಬಿಟ್ಟು ಬೀಳಬಹುದು. ಲಿಂಬೆಗೆ ಕೀಟನಾಶಕ ಹೊಡೆದಾಗ ಕೆಳಗಿನ ಅಲಸಂದಿಯ ಮೇಲೂ ಬೀಳುತ್ತದೆಂಬುದನ್ನು ಮರೆಯಬೇಡಿ; ಡಬ್ಬಿಯ ಮೇಲೆ ಬರೆದ ಅವಧಿ ಮುಗಿಯುವವರೆಗೆ ಆ ಮೇವು ಬೇಡ.

ನಮಗೆ ತೋರಿಸಲು ಬರುವಾಗ ಒಂದು ಹಳದಿ ಎಲೆ ಕಿಸೆಯಲ್ಲಿ ಇಟ್ಟುಕೊಂಡು ಬರಬೇಡಿ. ಜಡ್ಡಾದ ಗಿಡ ಒಂದು, ನೆಟ್ಟಗಿರುವ ಗಿಡ ಒಂದು, ಎರಡನ್ನೂ ಬೇರಿನ ಮಣ್ಣಿನ ಸಮೇತ ಹಸಿ ಬಟ್ಟೆಯಲ್ಲಿ ಸುತ್ತಿ ತನ್ನಿ.